ಹೊರಗೆ ಬೀಗ, ಒಳಗೆ ಅಂಜಿಕೆ

ಪ್ರಶ್ನೆ: ಹೋದ ತಿಂಗಳು ನಮ್ಮ ಓಣಿಯಲ್ಲೇ, ಮೂರು ಮನೆ ಆಚೆ, ಕಳ್ಳತನವಾಯಿತು. ಅವರೆಲ್ಲ ಜಾತ್ರೆಗೆಂದು ಊರಿಗೆ ಹೋಗಿದ್ದರು. ಅಂದಿನಿಂದ ನನಗೆ ನಿದ್ದೆಯಿಲ್ಲ, ರಾತ್ರಿ ಎದ್ದೆದ್ದು ಚಿಲಕ ಮುಟ್ಟಿ ನೋಡುತ್ತೇನೆ. ಯಜಮಾನರು ನಗುತ್ತಾರೆ. ಲಾಕರ್ ಎಂದರೆ ಅತ್ತೆಯವರು ಒಪ್ಪುವುದಿಲ್ಲ, ಒಡವೆಯೆಲ್ಲ ಮನೆಯಲ್ಲೇ ಇದೆ. ಪಾತ್ರೆ ತೊಳೆಯಲು ಬರುವವರ ಮೇಲೂ ಈಗ ಅನುಮಾನ. ಮುಂದಿನ ತಿಂಗಳು ತಂಗಿಯ ಮದುವೆ, ನಾಲ್ಕು ದಿನ ಮನೆಗೆ ಬೀಗ ಹಾಕಬೇಕು. ಹೋಗುವುದೇ ಬೇಡ ಅನ್ನಿಸುತ್ತಿದೆ.
– ಹೆಸರು ಬೇಡ

ಉತ್ತರ: ತಂಗಿಯ ಧಾರೆಗೆ ನೀವು ಹೋಗಲೇಬೇಕು. ಅದಕ್ಕೆ ಬೇಕಾದ ತಯಾರಿಗೆ ಒಂದು ತಿಂಗಳು ಧಾರಾಳವಾಯಿತು.

ಒಡವೆ ಎಲ್ಲಿಟ್ಟಿದ್ದೀರಿ ಎಂದು ಬರೆದಿದ್ದಿರಿ. ಆ ಸಾಲನ್ನೂ ಊರಿನ ಹೆಸರನ್ನೂ ಇಲ್ಲಿ ತೆಗೆದಿದ್ದೇನೆ. ಇನ್ನು ಯಾರ ಮುಂದೆಯೂ ಅದನ್ನು ಹೇಳಬೇಡಿ. ಅಕ್ಕಿ ಡಬ್ಬಿ, ದೇವರ ಮನೆ, ಹಾಸಿಗೆಯಡಿ, ಬೀರುವಿನ ಸೀರೆಗಳ ನಡುವೆ, ಇವು ನಮಗೆ ಗುಟ್ಟಿನ ಜಾಗ, ಕಳ್ಳರು ಮೊದಲು ಕೈಯಾಡಿಸುವುದೂ ಅಲ್ಲೇ.

ನಿಮ್ಮ ಓಣಿಯ ಆ ಮನೆಯಲ್ಲಿ ಅಂದು ಯಾರೂ ಇರಲಿಲ್ಲ ಎಂಬುದನ್ನು ಗಮನಿಸಿ. ಮನೆಗಳ್ಳರು ಸಾಮಾನ್ಯವಾಗಿ ಹುಡುಕುವುದು ಬೀಗ ಬಿದ್ದ ಮನೆಯನ್ನು, ಜನ ಎಚ್ಚರಗೊಳ್ಳುವ ಮನೆ ಅವರಿಗೂ ಅಪಾಯ. ಹಾಗಾಗಿ ಮಲಗುವ ಮುನ್ನ ನೀವೂ ಯಜಮಾನರೂ ಸೇರಿ ಒಂದು ಸುತ್ತು ಹಾಕಿ, ಸಾಕು. ಇಬ್ಬರೂ ನೋಡಿದ ಚಿಲಕವನ್ನು ಮತ್ತೆ ನೋಡುವ ತವಕ ಕಡಿಮೆಯಾಗುತ್ತದೆ. ಆಮೇಲೂ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನು ಬಾಗಿಲು. ಎಷ್ಟು ದಪ್ಪದ ಬೀಗ ತಂದರೂ ಅದು ನೇತಾಡುವ ಕೊಂಡಿ ನಾಲ್ಕು ಸಣ್ಣ ಸ್ಕ್ರೂಗಳ ಮೇಲೆ ನಿಂತಿರುತ್ತದೆ. ಕಬ್ಬಿಣದ ರಾಡಿನಿಂದ ಮೀಟಿದರೆ ಕೊಂಡಿಯೇ ಕಿತ್ತು ಬರುತ್ತದೆ, ಬೀಗ ಮುರಿಯುವ ಅಗತ್ಯವೇ ಬೀಳುವುದಿಲ್ಲ. ಬಡಗಿಯನ್ನು ಕರೆಸಿ, ಹಲಗೆಯ ಆಚೆ ಬದಿಗೆ ಹಾಯುವ ಬೋಲ್ಟು ಹಾಕಿಸಿ, ನಟ್ಟು ಒಳಗಡೆ ಬರಲಿ. ಮುಂಬಾಗಿಲಿಗೆ ಇಂಟರ್‌ಲಾಕ್ ಹಾಕಿಸಿದರೆ ಇನ್ನೂ ಒಳ್ಳೆಯದು, ಒಳಗೆ ಜನ ಇದ್ದಾರೋ ಇಲ್ಲವೋ ಬೀದಿಗೆ ತಿಳಿಯುವುದಿಲ್ಲ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಬೇಕು. ತಾರಸಿಯ ಬಾಗಿಲನ್ನು ಹೆಚ್ಚಿನವರು ಮರೆಯುತ್ತಾರೆ, ನೀವು ಮರೆಯಬೇಡಿ. ಕ್ಯಾಮೆರಾ ಹಾಕಿಸುವುದಾದರೆ ದೃಶ್ಯ ನಿಮ್ಮ ಮೊಬೈಲಿಗೂ ಬರುವಂತಿರಲಿ, ರೆಕಾರ್ಡಿಂಗ್ ಪೆಟ್ಟಿಗೆಯನ್ನೇ ಹೊತ್ತೊಯ್ಯುವ ಕಳ್ಳರಿದ್ದಾರೆ.

ಪಾತ್ರೆ ತೊಳೆಯುವವರ ವಿಷಯದಲ್ಲಿ ನನ್ನ ಮಾತು ಕೊಂಚ ಕಟುವಾಗಿ ಕೇಳಬಹುದು. ಓಣಿಯ ಆ ಕಳ್ಳತನಕ್ಕೆ ಅವರ ಮೇಲೆ ಅನುಮಾನ ಪಡಲು ನಿಮ್ಮ ಪತ್ರದಲ್ಲಿ ಒಂದೇ ಒಂದು ಕಾರಣವೂ ಇಲ್ಲ. ಅವರಿಗೆ ಆ ನಾಲ್ಕು ದಿನದ ಕೂಲಿ ಕೊಟ್ಟು, ಬೆಳಿಗ್ಗೆ ಬಾಗಿಲ ಮುಂದೆ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡಲು ಕೇಳಿಕೊಳ್ಳಿ. ಮನೆಯ ಬೀಗದ ಕೈ ಇದಕ್ಕೆ ಬೇಕಿಲ್ಲ. ರಂಗೋಲಿ ಇಲ್ಲದ ಅಂಗಳ, ಗೇಟಿಗೆ ಸಿಕ್ಕಿದ ಹಳೆಯ ಪತ್ರಿಕೆ, ಹಗಲೂ ಉರಿಯುವ ದೀಪ, ಇವೇ ಮನೆ ಖಾಲಿ ಎಂದು ಸಾರುವುದು. ಹಾಲು, ಪತ್ರಿಕೆ ನಿಲ್ಲಿಸಿ. ಪಕ್ಕದ ಮನೆಯವರ ಸ್ಕೂಟರ್ ನಿಮ್ಮ ಕಾಂಪೌಂಡಿನಲ್ಲಿ ನಿಲ್ಲಲಿ, ಸಂಜೆಯ ಲೈಟನ್ನೂ ಅವರೇ ಹಾಕಲಿ. ಹೋಗಿ ಬರುವ ತಾರೀಖನ್ನು ಪೊಲೀಸ್ ಠಾಣೆಗೆ ತಿಳಿಸಿ, ರಾತ್ರಿ ಬೀಟಿನವರು ಗಮನಿಸುವಂತೆ ಕೇಳಿ. ಮದುವೆಯ ಫೋಟೊಗಳನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು ಮರಳಿ ಬಂದ ಮೇಲೆ.

ಅತ್ತೆಯವರ ಹಠದ ಹಿಂದೆ ಇರುವುದು ಒಡವೆ ತಮ್ಮ ಕೈತಪ್ಪೀತು ಎಂಬ ಭಯ. ಅವರ ಕಾಲದ ಹೆಂಗಸಿಗೆ ತನ್ನದು ಅಂತ ಇದ್ದ ಆಸ್ತಿ ಅದೊಂದೇ. ಲಾಕರ್ ಅವರ ಹೆಸರಲ್ಲೇ ಇರಲಿ, ಜೊತೆಗೆ ನಿಮ್ಮದೊಂದು ಹೆಸರು, ಕೀಲಿಕೈ ಅವರ ಬಳಿಯೇ ಇರಲಿ. ರಿಸರ್ವ್ ಬ್ಯಾಂಕಿನ ನಿಯಮವನ್ನೂ ಅವರಿಗೆ ಹೇಳಿ. 2022ರ ಜನವರಿ 1ರಿಂದ, ಕಳ್ಳತನ, ಬೆಂಕಿ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನ ವಸ್ತು ಹೋದರೆ ಬ್ಯಾಂಕು ವಾರ್ಷಿಕ ಬಾಡಿಗೆಯ 100 ಪಟ್ಟು ಹೊಣೆ ಹೊರಬೇಕು. ಬಾಡಿಗೆ 2,000 ರೂಪಾಯಿ ಇದ್ದರೆ ಅದು 2 ಲಕ್ಷ. ಚಿನ್ನದ ಪೂರ್ತಿ ಬೆಲೆ ಇದರಿಂದ ಬಾರದಿರಬಹುದು, ಆದರೆ ಮನೆಯ ಬೀರುವಿಗೆ ಆ ಹೊಣೆಯೂ ಇಲ್ಲ.

ಪ್ರತಿ ಒಡವೆಯ ಫೋಟೊ ತೆಗೆದು, ತೂಕ ಬರೆದಿಡಿ. ಈಚಿನ ಹಾಲ್‌ಮಾರ್ಕ್ ಒಡವೆಗಳ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಅಜ್ಜಿಯ ಕಾಲದ ಅವಲಕ್ಕಿ ಸರಕ್ಕೆ ಅದಿಲ್ಲ, ಫೋಟೊವೇ ಸಾಕ್ಷಿ. ಕಳವಾದ ಮಾಲು ಸಿಕ್ಕಾಗ ‘ಇದು ನಮ್ಮದು’ ಎಂದು ನ್ಯಾಯಾಲಯದಲ್ಲಿ ತೋರಿಸಲು ಇವು ಬೇಕಾಗುತ್ತವೆ. ಅಂಥ ಒಡವೆಯನ್ನು ವರ್ಷಗಟ್ಟಲೆ ಠಾಣೆಯಲ್ಲಿಡದೆ, ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಮಾಲೀಕರಿಗೆ ಬೇಗ ಒಪ್ಪಿಸಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ಮರಳಿದಾಗ ಬಾಗಿಲು ತೆರೆದಿರುವುದು ಕಂಡರೆ ಒಳಗೆ ಹೋಗಬೇಡಿ, ಏನನ್ನೂ ಮುಟ್ಟಬೇಡಿ. 112ಕ್ಕೆ ಕರೆ ಮಾಡಿ, ಬೆರಳಚ್ಚಿನವರು ಬರುವವರೆಗೆ ಹೊರಗೇ ಇರಿ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು.

ಲಾಕರ್ ಖಾಲಿ ಇದೆಯೇ ಎಂದು ಈ ವಾರವೇ ಅತ್ತೆಯವರನ್ನೂ ಕರೆದುಕೊಂಡು ಹೋಗಿ ಬ್ಯಾಂಕಿನಲ್ಲಿ ವಿಚಾರಿಸಿ. ಹಲವು ಶಾಖೆಗಳಲ್ಲಿ ಸರದಿ ಕಾಯಬೇಕಾಗುತ್ತದೆ, ಮದುವೆಗೆ ಉಳಿದಿರುವುದು ಒಂದೇ ತಿಂಗಳು.