ಊರಿನ ಚಿತ್ರವೂ ಅದರ ಕೆಳಗಣ ಬರಹವೂ

ತಮ್ಮ ಊರಿನ ಬೆಟ್ಟವನ್ನೋ ಗುಡಿಯನ್ನೋ ಕೆರೆಯ ಏರಿಯನ್ನೋ ಛಾಯಾಚಿತ್ರದಲ್ಲಿ ಹಿಡಿದು, ಪರಸ್ಥಳದಲ್ಲಿರುವ ನಂಟರಿಗೂ ಗೆಳತಿಯರಿಗೂ ಕಳುಹಿಸುವುದು ಈಗ ಎಲ್ಲರಿಗೂ ಸುಲಭವಾದ ಕೆಲಸವಾಗಿರುತ್ತದೆ. ಹಿಂದೆ ಒಂದು ಚಿತ್ರವನ್ನು ತೆಗೆಯಿಸಬೇಕಾದರೆ ಪಟ್ಟಣದಿಂದ ಛಾಯಾಗ್ರಾಹಕನು ಮುಕ್ಕಾಲನ್ನೂ ಗಾಜಿನ ಫಲಕಗಳನ್ನೂ ಹೊರಿಸಿಕೊಂಡು ಬರಬೇಕಾಗಿದ್ದಿತು. ಅಷ್ಟು ಶ್ರಮಪಟ್ಟು ತೆಗೆದ ಚಿತ್ರವನ್ನು ಅಂಟಿಸಿದ ದಪ್ಪ ಕಾಗದದ ಮೇಲೆ ಊರನ್ನೂ ವರ್ಷವನ್ನೂ ಬರೆಯಲು ಯಾರೂ ಬೇಸರಿಸುತ್ತಿರಲಿಲ್ಲ. ಈಗಲಾದರೋ ಒಂದು ಮಧ್ಯಾಹ್ನದಲ್ಲಿಯೇ ನೂರು ಚಿತ್ರಗಳನ್ನು ತೆಗೆಯುತ್ತೇವೆ. ಒಂದರ ಕೆಳಗೂ ಒಂದು ಅಕ್ಷರವನ್ನು ಬರೆಯುವುದಿಲ್ಲ. ಚಿತ್ರವೆಂಬುದು ಬಹುಮಟ್ಟಿಗೆ ಮೂಕವಾದದ್ದು; ಅದರ ಕೆಳಗಣ ಎರಡು ಸಾಲಿನ ಬರಹವೇ ಅದರ ಬಾಯಿ ಎಂದು ನಮ್ಮ ಅಭಿಪ್ರಾಯ. ಇದನ್ನು ಸಾಮಾನ್ಯವಾಗಿ ಹೇಳಿ ಬಿಡುವುದಕ್ಕಿಂತ ಒಂದೇ ಊರನ್ನು ಹಿಡಿದು ವಿಚಾರಿಸುವುದು ಲೇಸಾದುದರಿಂದ, ಕನಕಪುರ ತಾಲ್ಲೂಕಿನ ಸಾತನೂರನ್ನು ತೆಗೆದುಕೊಂಡಿದ್ದೇವೆ.

ಬೆಂಗಳೂರಿನಿಂದ ಕನಕಪುರದ ಮಾರ್ಗವಾಗಿ ಮಳವಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಕನಕಪುರವನ್ನು ದಾಟಿದ ಮೇಲೆ ಸಾತನೂರು ಸಿಕ್ಕುತ್ತದೆ. ಅದು ಹೋಬಳಿಯ ಮುಖ್ಯ ಸ್ಥಳ. 2008ರ ಕ್ಷೇತ್ರ ಪುನರ್ವಿಂಗಡಣೆಯವರೆಗೆ ವಿಧಾನಸಭೆಯ ಒಂದು ಕ್ಷೇತ್ರಕ್ಕೆ ತನ್ನ ಹೆಸರನ್ನು ಕೊಟ್ಟಿದ್ದ ಊರು. ಸುತ್ತಲೂ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಬರಿಯ ಬಂಡೆಯ ಗುಡ್ಡಗಳು. ಆದರೆ “ಇದು ಸಾತನೂರು” ಎಂದಷ್ಟೇ ಬರೆದು ಚಿತ್ರವನ್ನು ಕಳುಹಿಸಿದರೆ ನೋಡಿದವರು ಯಾವ ಸಾತನೂರನ್ನು ಎಣಿಸಿಕೊಳ್ಳಬೇಕು? ಮಂಡ್ಯದ ಹತ್ತಿರ ಒಂದು ಸಾತನೂರು ಉಂಟು; ಅಲ್ಲಿಯ ಬೆಟ್ಟದ ಮೇಲೆ ಕಂಬದ ನರಸಿಂಹಸ್ವಾಮಿಯ ಗುಡಿಯಿದೆ. ಬೆಂಗಳೂರಿನ ಉತ್ತರಕ್ಕೆ ಬಾಗಲೂರಿನ ಕಡೆ ಮತ್ತೊಂದು ಉಂಟು. ತಮಿಳುನಾಡಿನ ತಿರುವಣ್ಣಾಮಲೆಯ ಸೀಮೆಯಲ್ಲಿ ದಕ್ಷಿಣ ಪಿನಾಕಿನಿಗೆ 1958ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹೆಸರೂ ಸಾತನೂರೇ. ಆ ನದಿಯಾದರೋ ನಮ್ಮ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿದ್ದು. ಪೆರಂಬಲೂರಿನ ಕಡೆಯ ಇನ್ನೊಂದು ಸಾತನೂರು, ಕಲ್ಲಾಗಿ ಬಿದ್ದಿರುವ ಒಂದು ಪುರಾತನ ಮರದಿಂದ ಪ್ರಸಿದ್ಧವಾಗಿದೆ. ಇಷ್ಟು ಸಾತನೂರುಗಳಿರುವಲ್ಲಿ ಕೆರೆಯೇರಿಯ ಮೇಲೆ ನಿಂತು ತೆಗೆದ ಒಂದು ನೀರಿನ ಚಿತ್ರವು ಮೂರು ಕೈಗಳನ್ನು ದಾಟುವಷ್ಟರಲ್ಲಿ ಅಣೆಕಟ್ಟಿನ ಚಿತ್ರವಾದರೆ ಆಶ್ಚರ್ಯವಿಲ್ಲ.

ಆದುದರಿಂದ ಊರಿನ ಹೆಸರಿನೊಡನೆ ಹೋಬಳಿ, ತಾಲ್ಲೂಕು, ಜಿಲ್ಲೆಗಳನ್ನು ಬರೆಯತಕ್ಕದ್ದು. ಅದೂ ಸಾಲದು, ವರ್ಷವನ್ನೂ ಬರೆಯಬೇಕು. ಏಕೆಂದರೆ ಊರು ಇದ್ದಲ್ಲಿಯೇ ಇದ್ದರೂ ಅದರ ಮೇಲಿನ ಹೆಸರುಗಳು ಸಂಚರಿಸುತ್ತಲಿರುತ್ತವೆ. ಕನಕಪುರವು ಹಿಂದಣ ಕಾಗದಪತ್ರಗಳಲ್ಲಿ ಕಾನಕಾನಹಳ್ಳಿ ಎಂದು ಕಾಣುತ್ತದೆ. ಮೊದಲು ಬೆಂಗಳೂರು ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು, 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ 2007ರಲ್ಲಿ ಹೊಸದಾದ ರಾಮನಗರ ಜಿಲ್ಲೆಗೂ ಬಂದಿತು. ಆ ಜಿಲ್ಲೆಯನ್ನು ಬೆಂಗಳೂರು ದಕ್ಷಿಣವೆಂದು ಕರೆಯಲು 2025ರಲ್ಲಿ ರಾಜ್ಯದ ಮಂತ್ರಿಮಂಡಲವು ತೀರ್ಮಾನಿಸಿತು. ಅಜ್ಜಿಯ ಪೆಟ್ಟಿಗೆಯಲ್ಲಿರುವ ಚಿತ್ರ, ತಾಯಿಯ ಆಲ್ಬಮಿನ ಚಿತ್ರ, ಮಗಳ ಮೊಬೈಲಿನ ಚಿತ್ರ, ಈ ಮೂರರಲ್ಲಿಯೂ ಇರುವುದು ಒಂದೇ ಬೀದಿಯಾಗಿರಬಹುದು. ಆದರೆ ಮೂರು ಬೇರೆ ಬೇರೆ ಜಿಲ್ಲೆಗಳ ಹೆಸರಿನಲ್ಲಿರುತ್ತವೆ.

ಈಗ ಹೆಗ್ಗುರುತುಗಳ ವಿಚಾರಕ್ಕೆ ಬರೋಣ. ಸಾತನೂರಿನಿಂದ ಚನ್ನಪಟ್ಟಣದ ಕಡೆಗೆ ಹೋಗುವಾಗ ಕಬ್ಬಾಳು ಸಿಕ್ಕುತ್ತದೆ. ಅಲ್ಲಿ ಕಬ್ಬಾಳಮ್ಮನ ಗುಡಿ. ಅದರ ಮೇಲೆ ಗೋಪುರದಂತೆ ಎದ್ದು ನಿಂತ ಕಬ್ಬಾಳದುರ್ಗ. ಸುತ್ತಲಿನ ಹಳ್ಳಿಗಳ ಮೊಬೈಲುಗಳಲ್ಲೆಲ್ಲ ಈ ಬೆಟ್ಟವಿದೆ ಎಂದರೆ ಸಲ್ಲುತ್ತದೆ. ಅವುಗಳಲ್ಲಿ ಬಹುಪಾಲು ಸಂಜೆಗೆಂಪಿನಲ್ಲಿ ಬೆಟ್ಟದ ಕಪ್ಪು ಆಕಾರವನ್ನು ಮಾತ್ರ ತೋರಿಸುವಂಥವು. ಹಬ್ಬದ ಶುಭಾಶಯಕ್ಕೆ ಅವು ಚೆನ್ನ. ಬೆಟ್ಟವನ್ನು ಅರಿಯುವುದಕ್ಕೆ ಯಾವ ಉಪಯೋಗಕ್ಕೂ ಬಾರವು. ಬೆಳಗಿನ ಓರೆಬಿಸಿಲಿನಲ್ಲಿ ತೆಗೆದರೆ ಬಂಡೆಯ ಬಿರುಕುಗಳೂ ಮಳೆನೀರು ಇಳಿದ ಕಪ್ಪು ಗೆರೆಗಳೂ ಏರುವುದು ಎಷ್ಟು ಕಡಿದೆಂಬುದೂ ಕಾಣುತ್ತವೆ. ಆ ಕಡಿದೇ ಈ ದುರ್ಗದ ಚರಿತ್ರೆ. ಅರಸರಿಗೆ ಬೇಡವಾದವರನ್ನು ಇಲ್ಲಿ ಸೆರೆಯಿಡುತ್ತಿದ್ದರು. ದಳವಾಯಿಗಳ ಕೈ ಮೇಲಾಗಿದ್ದ ಕಾಲದಲ್ಲಿ, 1734ರಲ್ಲಿ ಪದಚ್ಯುತರಾದ ಮೈಸೂರಿನ ಚಾಮರಾಜ ಒಡೆಯರನ್ನು ಇಲ್ಲಿಗೆ ಕಳುಹಿಸಲಾಯಿತು. ಅವರು ಈ ಸೆರೆಯಲ್ಲಿಯೇ ತೀರಿಕೊಂಡರು. ಒಬ್ಬ ಅರಸನೇ ಇಳಿದು ಬರಲಾರದೆ ಹೋದ ಬೆಟ್ಟವಿದು ಎಂಬ ಒಂದು ಸಾಲನ್ನು ಚಿತ್ರದ ಕೆಳಗೆ ಬರೆದು ನೋಡಿರಿ. ಅದೇ ಬಂಡೆಯನ್ನು ನೋಡುವ ಕಣ್ಣು ಬೇರೆಯಾಗುತ್ತದೆ.

ಆದರೆ ಕಬ್ಬಾಳಿನ ಯಾವ ಚಿತ್ರವು ಪರದೇಶಗಳ ವಿದ್ವಾಂಸರ ಪುಸ್ತಕಗಳಲ್ಲಿ ಅಚ್ಚಾಗಿದೆ ಎಂದು ಕೇಳಿದರೆ, ದುರ್ಗದ್ದೂ ಅಲ್ಲ, ಗುಡಿಯದ್ದೂ ಅಲ್ಲ. ಅದು ಒಂದು ಕಲ್ಲುಗಣಿಯ ಗೋಡೆಯ ಚಿತ್ರ. ಊರಿನವರು ಅದನ್ನು ಹೆಗ್ಗುರುತೆಂದು ಎಣಿಸುವುದಿಲ್ಲ. ಕಲ್ಲು ಒಡೆದ ಹೊಂಡದ ಚಿತ್ರವನ್ನು ಯಾರು ತಾನೇ ನೆಂಟರಿಗೆ ಕಳುಹಿಸುತ್ತಾರೆ?

ಸಂಗತಿ ಹೀಗಿದೆ. ಆ ಗೋಡೆಯ ಕಲ್ಲು ಬೂದುಬಣ್ಣದ್ದು, ತೆಳುವಾದ ಪಟ್ಟೆಗಳುಳ್ಳದ್ದು. ಭೂವಿಜ್ಞಾನದಲ್ಲಿ ಇದಕ್ಕೆ ನೈಸ್ ಎಂದು ಹೆಸರು. ಈ ಬೂದುಕಲ್ಲಿನ ನಡುವೆ ಅಲ್ಲಲ್ಲಿ, ಬಿರುಕುಗಳ ಗುಂಟ, ಎಣ್ಣೆ ಸವರಿದಂತೆ ಮಿನುಗುವ ಹಸಿರುಗಂದು ಬಣ್ಣದ ತೇಪೆಗಳು ಕಾಣುತ್ತವೆ. ತೇಪೆಯ ಅಂಚಿನಲ್ಲಿ ಪಟ್ಟೆಗಳು ಮಸುಕಾಗಿ ಅಳಿದುಹೋಗುತ್ತವೆ. ಹಂಚಿಬಟ್ಟೆಯ ಮೇಲೆ ಎಣ್ಣೆಯ ಕಲೆ ಹರಡಿದಂತೆ ಎಂದರೆ ಓದುವವರಿಗೆ ಸುಲಭವಾಗಿ ತಿಳಿದೀತು. ಆ ಕಪ್ಪು ಭಾಗಕ್ಕೆ ಚಾರ್ನೊಕೈಟ್ ಎಂದು ಹೆಸರು. ಆ ಹೆಸರು ಬಂದ ಬಗೆಯೂ ಸ್ವಾರಸ್ಯವಾಗಿದೆ: ಕಲ್ಕತ್ತಾ ನಗರದ ಆರಂಭದೊಡನೆ ಹೆಸರು ಸೇರಿರುವ ಜಾಬ್ ಚಾರ್ನಾಕ್ ಎಂಬಾತನ ಸಮಾಧಿ ಅಲ್ಲಿಯ ಸಂತ ಯೋಹಾನನ ದೇವಾಲಯದ ಆವರಣದಲ್ಲಿದೆ. ಮದರಾಸಿನ ಕಡೆಯಿಂದ ತರಿಸಿದ ಆ ಸಮಾಧಿಯ ಕಲ್ಲನ್ನು ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ ಪರೀಕ್ಷಿಸಿ, 1893ರಲ್ಲಿ ಆ ಜಾತಿಯ ಕಲ್ಲಿಗೆ ಸತ್ತವನ ಹೆಸರನ್ನೇ ಇಟ್ಟನು.

ಈ ಕಲ್ಲು ಹೇಗೆ ಉಂಟಾಯಿತೆಂಬ ಪ್ರಶ್ನೆಯು ಬಹುಕಾಲ ಚರ್ಚೆಯಲ್ಲಿದ್ದಿತು. ಕರಗಿದ ಶಿಲಾದ್ರವವು ಆರಿ ಆದದ್ದೆಂದು ಕೆಲವರು, ಇದ್ದ ಕಲ್ಲೇ ಮಾರ್ಪಟ್ಟು ಆದದ್ದೆಂದು ಕೆಲವರು. ನಮ್ಮ ಮೈಸೂರು ಸೀಮೆಯ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು ಕಬ್ಬಾಳಿನ ಕಲ್ಲನ್ನು ನೋಡಿ, ಇಲ್ಲಿ ಬೂದುಕಲ್ಲು ಚಾರ್ನೊಕೈಟಾಗುತ್ತಿರುವ ಕೆಲಸವು ಅರ್ಧದಲ್ಲಿಯೇ ನಿಂತುಹೋಗಿದೆ ಎಂದು ಕಂಡುಕೊಂಡರು. ಅವರ ಲೇಖನವು ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ 1960ರಲ್ಲಿ ಬಂದಿತು. ಚಾರ್ನೊಕೈಟ್ ತಯಾರಾಗುತ್ತಿದೆ ಎಂಬರ್ಥದ ತಲೆಬರಹವನ್ನು ಅವರು ಅದಕ್ಕೆ ಕೊಟ್ಟಿದ್ದರು. ಅಡಿಗೆ ಮುಗಿದ ಮೇಲೆ ಮನೆಗೆ ಬಂದ ಅತಿಥಿಗೆ ಊಟ ಮಾತ್ರ ಕಾಣುತ್ತದೆ; ಒಲೆಯ ಮೇಲೆ ಅರೆಬೆಂದ ಪಾತ್ರೆಯನ್ನು ಕಂಡವನಿಗೆ ಅಡಿಗೆಯ ಕ್ರಮವೇ ತಿಳಿಯುತ್ತದೆ. ಕಬ್ಬಾಳಿನ ಗೋಡೆಯು ಅಂತಹ ಅರೆಬೆಂದ ಪಾತ್ರೆ. ಮೈಸೂರಿನ ಎ. ಎಸ್. ಜನಾರ್ದನ್ ಅವರು ಅಮೆರಿಕದ ವಿದ್ವಾಂಸರೊಡನೆ ಸೇರಿ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮಾರ್ಪಾಟಿನ ಕಾರಣವನ್ನು ವಿವರಿಸಿದರು. ಸುಮಾರು 250 ಕೋಟಿ ವರ್ಷಗಳ ಕೆಳಗೆ, ಈ ಕಲ್ಲು ಭೂಮಿಯೊಳಗೆ ಸುಮಾರು 20 ಕಿಲೋಮೀಟರ್ ಆಳದಲ್ಲಿದ್ದಾಗ, ಕೆಳಗಿನಿಂದ ಬಂದ ಇಂಗಾಲಾಮ್ಲವು ಬಿರುಕುಗಳಲ್ಲಿ ಹೊಕ್ಕಿತು. ಅದರಿಂದ ನೀರಿನ ಬಲವು ತಗ್ಗಿ, ನೀರನ್ನು ಹಿಡಿದಿಟ್ಟುಕೊಂಡಿದ್ದ ಖನಿಜಗಳು ಒಡೆದು ನೀರಿಲ್ಲದ ಖನಿಜಗಳಾದವು. ಅನಿಲವು ಹೊಕ್ಕ ದಾರಿಯೇ ಇಂದು ನಮಗೆ ಕಾಣುವ ಕಪ್ಪು ತೇಪೆ.

ಇದರಲ್ಲಿ ಚಿತ್ರ ತೆಗೆಯುವವರು ಕಲಿಯತಕ್ಕ ಒಂದು ಅಂಶವುಂಟು. ಭೂವಿಜ್ಞಾನಿಗಳು ಬಂಡೆಯ ಚಿತ್ರವನ್ನು ತೆಗೆಯುವಾಗ ಅದರ ಮೇಲೆ ಒಂದು ಸುತ್ತಿಗೆಯನ್ನೋ ನಾಣ್ಯವನ್ನೋ ಲೇಖನಿಯನ್ನೋ ಇಡುತ್ತಾರೆ. ಅದು ಮರೆತು ಬಿಟ್ಟದ್ದಲ್ಲ. ತೇಪೆಯು ಅಂಗೈಯಷ್ಟೋ ಬಾಗಿಲಷ್ಟೋ ಎಂದು ತಿಳಿಯುವುದಕ್ಕೆ ಅದೇ ಅಳತೆಗೋಲು. ಕಲ್ಬರಹ, ವೀರಗಲ್ಲು, ಮಾಸ್ತಿಕಲ್ಲುಗಳ ಚಿತ್ರಗಳಲ್ಲಿಯೂ ಹೀಗೆಯೇ ಮಾಡಬಹುದು. ಆದರೆ ಪೂಜೆಗೊಳ್ಳುವ ಕಲ್ಲಿನ ಮೇಲೆ ಏನನ್ನೂ ಇಡದೆ ಪಕ್ಕದಲ್ಲಿ ಒಂದು ಕೋಲನ್ನು ನಿಲ್ಲಿಸಿದರೆ ಸಾಕು. ಕಲ್ಲುಗಣಿಯ ಗೋಡೆಯು ಒಡೆದಂತೆಲ್ಲ ಹಿಂದೆ ಸರಿಯುತ್ತದೆ. ಪಿಚ್ಚಮುತ್ತು ಅವರು ಕಂಡ ಅದೇ ಕಲ್ಲನ್ನು ಯಾರೋ ಈಗಾಗಲೇ ಮನೆಯ ತಳಪಾಯಕ್ಕೆ ಹಾಕಿರಬಹುದು. ಅವರನ್ನು ದೂರುವಂತಿಲ್ಲ, ಕಲ್ಲು ಒಡೆಯುವವರ ಉಳಿ ಇಲ್ಲದಿದ್ದರೆ ಗೋಡೆಯೇ ಕಾಣುತ್ತಿರಲಿಲ್ಲ. ಒಡೆದು ಹೋದದ್ದಕ್ಕೆ ಚಿತ್ರವೊಂದೇ ಸಾಕ್ಷಿ.

ನಮ್ಮ ನಾಡಿನ ಹೆಗ್ಗುರುತುಗಳನ್ನು ಮೊದಲು ಚಿತ್ರಿಸಿ ಹಂಚಿದವರಲ್ಲಿ ಅನೇಕರು ನಾಡಿನವರಲ್ಲ. ಕಾರ್ನ್‌ವಾಲಿಸನ ಸೇನೆಯೊಡನೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನು ಬರೆದನು. ಆ ದುರ್ಗವು 1791ರ ಡಿಸೆಂಬರಿನಲ್ಲಿ ಇಂಗ್ಲಿಷರ ವಶವಾಗಿದ್ದಿತು. ಚಿತ್ರವು 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಗೆದ್ದವರು ತಮ್ಮ ಮನೆಯವರಿಗೆ ತೋರಿಸಲು ಮಾಡಿದ ಚಿತ್ರವದು. 1854ರಲ್ಲಿ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ಹಳೇಬೀಡು ಬೇಲೂರುಗಳ ಛಾಯಾಚಿತ್ರಗಳನ್ನು ತೆಗೆದು ಮಾರನೆಯ ವರ್ಷ ಮದರಾಸಿನಲ್ಲಿ ಪ್ರದರ್ಶಿಸಿದನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕಾಲಕ್ರಮದಲ್ಲಿ ಕನ್ನಡ ಸೀಮೆಯ ದೇವಾಲಯ, ಶಾಲೆ, ನೇಯ್ಗೆಯ ಕಾರ್ಖಾನೆ, ಪೇಟೆಬೀದಿಗಳ ಚಿತ್ರಗಳನ್ನು ಸ್ವಿಟ್ಜರ್ಲೆಂಡಿಗೆ ಕಳುಹಿಸಿದರು. ಅವು ಈಗ ಬಾಸೆಲಿನ ಭಂಡಾರದಲ್ಲಿ ಜೋಪಾನವಾಗಿವೆ. ಅಂತರಜಾಲದ ಮೂಲಕ ಯಾರು ಬೇಕಾದರೂ ನೋಡಬಹುದು. ನಮ್ಮಂತಹ ಶಾಲೆಯವರಿಗೆ ಅವು ಪೂರ್ವಜರ ಚಿತ್ರಗಳಿದ್ದಂತೆ. ಆದರೂ ನೋಡುತ್ತ ಹೋದಂತೆ ಒಂದು ಕೊರತೆ ಮನಸ್ಸನ್ನು ಚುಚ್ಚುತ್ತದೆ. ಪಾದ್ರಿಯ ಹೆಸರುಂಟು, ಕಟ್ಟಡದ ಹೆಸರುಂಟು. ಎಣ್ಣೆ ಹಚ್ಚಿ ತಲೆಬಾಚಿ ಸಾಲಾಗಿ ಕುಳಿತ ಹುಡುಗಿಯರಾದರೋ ಹಲವು ಕಡೆ ಬರಿಯ “ಹುಡುಗಿಯರು”. ಆ ಸಾಲಿನಲ್ಲಿ ನಮ್ಮ ಮುತ್ತಜ್ಜಿಯರು ಕುಳಿತಿದ್ದರೂ ನಾವು ಗುರುತಿಸಲಾರೆವು. ಹೊರಗಿನವರು ಬರೆಯದೆ ಬಿಟ್ಟ ಆ ಹೆಸರನ್ನು ಊರಿನವರು ಬರೆಯಬಲ್ಲರು. ಊರಿನ ಚಿತ್ರವನ್ನು ಊರಿನವರೇ ತೆಗೆಯುವುದರ ಹೆಚ್ಚಳವೇನಾದರೂ ಇದ್ದರೆ ಇದೇ.

ಸಾತನೂರಿನವರು ತಮ್ಮದೆಂದು ತೋರಿಸುವ ಮತ್ತೊಂದು ಸ್ಥಳ, ಅದೇ ತಾಲ್ಲೂಕಿನಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ. ಅದರ ಕೆಳಗೆ, ಹೊಳೆಯು ಬಂಡೆಗಳ ನಡುವೆ ಇಕ್ಕಟ್ಟಾಗಿ ನುಗ್ಗುವ ಮೇಕೆದಾಟು. ಇವುಗಳ ಚಿತ್ರಗಳಿಗೆ ಬರಗಾಲವಿಲ್ಲ. ಆದರೆ ಎಲ್ಲರೂ ನೀರಿನ ಮುಂದೆ ತಮ್ಮನ್ನೇ ತೆಗೆದುಕೊಂಡಿರುತ್ತಾರೆ. ಸುಮಾರು 67 ಟಿ.ಎಂ.ಸಿ. ನೀರು ನಿಲ್ಲುವ ಅಣೆಕಟ್ಟನ್ನು ಈ ಕಣಿವೆಯಲ್ಲಿ ಕಟ್ಟಬೇಕೆಂದು ಕರ್ನಾಟಕದ ಸರಕಾರವು ಯೋಜಿಸಿರುತ್ತದೆ. ತಮಿಳುನಾಡು ಅದನ್ನು ವಿರೋಧಿಸಿದೆ. ಆ ವ್ಯಾಜ್ಯದ ನ್ಯಾಯಾನ್ಯಾಯ ಇಲ್ಲಿಯ ವಿಷಯವಲ್ಲ. ಆದರೆ ಅಂತಹ ಅಣೆಕಟ್ಟು ಏಳುವುದಾದರೆ ಹೊಳೆಯ ದಡ, ಮತ್ತಿಯ ಮರಗಳು, ಕಾಡಿನ ಒಂದು ಭಾಗ ನೀರಿನ ಕೆಳಗೆ ಹೋಗುವುವು. ಬೇಸಗೆಯಲ್ಲಿ ಒಂದು, ಮಳೆಗಾಲದಲ್ಲಿ ಒಂದು, ನಿಂತ ಜಾಗವನ್ನು ಬದಲಿಸದೆ ದಡದ ಚಿತ್ರವನ್ನು ತೆಗೆದಿಡುವುದು ಮುಂದೆ ಯಾವ ಪಕ್ಷದವರಿಗಾದರೂ ಉಪಯೋಗಕ್ಕೆ ಬಂದೀತು.

ಹಂಚುವ ಬಗೆಯ ವಿಷಯದಲ್ಲಿ ಎರಡು ಮಾತು. ಸ್ಥಳದ ಗುರುತನ್ನು ದಾಖಲಿಸುವ ಏರ್ಪಾಡು ತೆರೆದಿದ್ದರೆ, ಮೊಬೈಲು ತೆಗೆದ ಚಿತ್ರದ ಒಡಲಿನಲ್ಲಿಯೇ ದಿನ, ಗಂಟೆ, ಅಕ್ಷಾಂಶ ರೇಖಾಂಶಗಳು ಅಡಗಿರುತ್ತವೆ. ಇದನ್ನು ನಂಬಿ ಬರೆಯದೆ ಬಿಡಬಾರದು. ವಾಟ್ಸಪ್ಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಚಿತ್ರವು ಕುಗ್ಗುವುದಲ್ಲದೆ ಸ್ಥಳದ ಗುರುತೂ ಕಳಚಿಹೋಗುತ್ತದೆ. ದಾಖಲೆಯಾಗಿ ಅಂದರೆ ಡಾಕ್ಯುಮೆಂಟ್ ಎಂಬ ಕಟ್ಟಿನ ಮೂಲಕ ಕಳುಹಿಸಿದರೆ ಮೂಲಚಿತ್ರವು ಹಾಗೆಯೇ ತಲಪುವುದು. ಮನೆಯೊಳಗಿನ ಚಿತ್ರಗಳಲ್ಲಿಯೂ ಮಕ್ಕಳ ಚಿತ್ರಗಳಲ್ಲಿಯೂ ಆ ಗುರುತು ಹೋಗುವುದೇ ಕ್ಷೇಮ. ಬೆಟ್ಟಕ್ಕೂ ಬಂಡೆಗೂ ಯಾರ ಅಪ್ಪಣೆಯೂ ಬೇಡ. ಗುಡಿಯ ಒಳಗೂ, ನೀರು ಸೇದುತ್ತಿರುವ ಹೆಂಗಸಿನ ಮುಂದೆಯೂ, ರೇಷ್ಮೆಹುಳು ಸಾಕುವ ಮನೆಯ ಬಾಗಿಲಲ್ಲಿಯೂ ಮೊದಲು ಕೇಳಿ ಆಮೇಲೆ ತೆಗೆಯಬೇಕು. ಒಪ್ಪಿದವರ ಹೆಸರನ್ನು ಕೇಳಿ ಬರೆದುಕೊಳ್ಳಬೇಕು. ತೆಗೆದ ಚಿತ್ರದ ಒಂದು ಪ್ರತಿಯನ್ನು ಅವರಿಗೂ ಮುಟ್ಟಿಸಬೇಕು.

ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿಸಿದರೆ ಹಿಂಬದಿಯಲ್ಲಿ ಮೆದುವಾದ ಪೆನ್ಸಿಲಿನಿಂದ, ಅಂಚಿಗೆ ಸಮೀಪವಾಗಿ, ಒತ್ತದೆ ಬರೆಯತಕ್ಕದ್ದು. ಬಾಲ್‌ಪೆನ್ನು ಒತ್ತಿದ ಗುರುತು ಮುಂದಿನ ಮುಖದ ಮೇಲೆ ಏಳುತ್ತದೆ, ಮಸಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಅಂಟುತ್ತದೆ. ಊರು, ಹೋಬಳಿ, ತಾಲ್ಲೂಕು, ಜಿಲ್ಲೆ, ನಿಂತು ತೆಗೆದ ಜಾಗ, ಮುಖ ಮಾಡಿದ ದಿಕ್ಕು, ತಾರೀಖು, ಚಿತ್ರದಲ್ಲಿರುವವರ ಹೆಸರು ಎಡದಿಂದ ಬಲಕ್ಕೆ, ಕಡೆಯಲ್ಲಿ ತೆಗೆದವಳ ಹೆಸರು.