ಮಳೆ ಜಾಕೆಟ್ಟೋ, ಕಂಬಳಿ ಕೊಪ್ಪೆಯೋ? – ಒಂದು ಪರೀಕ್ಷೆ



ನಮ್ಮ ಆಲೂರು, ಸಕಲೇಶಪುರದ ಕಡೆ ಮಳೆಗಾಲ ಅಂದರೆ ಒಂದೆರಡು ದಿನದ ಮಾತಲ್ಲ. ಆರಿದ್ರ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೂ ಬಟ್ಟೆ ಸರಿಯಾಗಿ ಒಣಗುವುದಿಲ್ಲ. ಬಿಸ್ಲೆ ಘಾಟಿಯ ಕಡೆ ಮಳೆ ಇನ್ನೂ ಜಾಸ್ತಿ, ಹಾಸನದ ಕಡೆಗೆ ಹೋದ ಹಾಗೆ ಕಡಿಮೆ. ನಡೆದು ಬರುವ ನಮಗೆಲ್ಲ ಏನು ಹೊದ್ದುಕೊಂಡು ಶಾಲೆಗೆ ಬರಬೇಕು ಎಂಬುದೇ ದೊಡ್ಡ ಪ್ರಶ್ನೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮಣ್ಣ ಈ ವರ್ಷ ನನಗೆ ಒಂದು ಹಗುರ ಜಾಕೆಟ್ ತಂದುಕೊಟ್ಟ. ಬೆಟ್ಟ ಹತ್ತುವವರು, ಓಡುವವರು ಹಾಕುವಂಥದು. ಮಡಚಿದರೆ ಟಿಫನ್ ಡಬ್ಬಿಯಷ್ಟೇ ಆಗುತ್ತದೆ. ಕ್ಲಾಸಿನಲ್ಲಿ ಎಲ್ಲರ ಹತ್ತಿರ ಜಂಬ ಕೊಚ್ಚಿಕೊಂಡೆ. ಆಗ ವಿಜ್ಞಾನದ ಮೇಷ್ಟ್ರು, "ಬಾಯಲ್ಲಿ ಹೇಳಬೇಡ ಕಣಯ್ಯ, ಪರೀಕ್ಷೆ ಮಾಡಿ ಬರಿ" ಅಂದರು. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಏನಿತ್ತು?

ಅಜ್ಜಿಯನ್ನು ಕೇಳಿದೆ. ನಾಟಿ ಮಾಡುವಾಗ ಹೆಂಗಸರು ಗೊರಬು ಹಾಕುತ್ತಿದ್ದರಂತೆ. ಬಿದಿರಿನ ಸೀಳು ಹೆಣೆದು ನಡುವೆ ಎಲೆ ಇಟ್ಟು ಮಾಡಿದ್ದು. ತಲೆಯಿಂದ ಸೊಂಟದವರೆಗೆ ಮುಚ್ಚುತ್ತದೆ. ಬಗ್ಗಿದರೆ ಬೆನ್ನು ನೆನೆಯುವುದಿಲ್ಲ, ಎರಡು ಕೈಯೂ ಖಾಲಿ. ನಡೆಯುವವರಿಗೆ, ದನ ಕಾಯುವವರಿಗೆ ಕಂಬಳಿ ಕೊಪ್ಪೆ. ನಮ್ಮ ಮನೆಯದು ಚಳ್ಳಕೆರೆ ಕಡೆಯ ಕರಿ ಕಂಬಳಿ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರರಲ್ಲಿ ಒಂದು ಭಾಗ ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಅದಕ್ಕೇ ಕಂಬಳಿಯೊಳಗೆ ಬೆಚ್ಚಗಿರುತ್ತದೆ.

ಪರೀಕ್ಷೆ 1: ತೂಕ

ಅಂಗಡಿಯ ತಕ್ಕಡಿಯಲ್ಲಿ ತೂಗಿದೆ. ಜಾಕೆಟ್ 280 ಗ್ರಾಂ. ಕಂಬಳಿ ಒಣಗಿದ್ದಾಗ 1 ಕಿಲೋ 600 ಗ್ರಾಂ, ಮಳೆಯಲ್ಲಿ ನಡೆದು ಬಂದ ಮೇಲೆ ಹತ್ತಿರ ಹತ್ತಿರ 3 ಕಿಲೋ. ಇದರಲ್ಲಿ ಜಾಕೆಟ್ಟೇ ಗೆದ್ದಿತು.

ಪರೀಕ್ಷೆ 2: ನೀರು

ಜಾಕೆಟ್ಟಿನ ಚೀಟಿಯಲ್ಲಿ 5000 ಮಿಲಿಮೀಟರ್ ಎಂದಿತ್ತು. ಅಷ್ಟು ಮಳೆ ತಡೆಯುತ್ತದೆ ಅಂದುಕೊಂಡಿದ್ದೆ, ಅದು ತಪ್ಪು. ಬಟ್ಟೆಯ ಮೇಲೆ 5 ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೆ ಎಷ್ಟು ಒತ್ತಡವೋ, ಅಷ್ಟನ್ನು ತಡೆಯುತ್ತದೆ ಎಂದು ಅರ್ಥ. ತೋಳಿನೊಳಗೆ ಒಂದು ಚೊಂಬು ನೀರು ಹೊಯ್ದು ಗಂಟು ಹಾಕಿ ಒಂದು ಗಂಟೆ ನೇತುಹಾಕಿದೆ. ಒಂದು ಹನಿಯೂ ಬೀಳಲಿಲ್ಲ. ಆದರೆ ಬ್ಯಾಗು ಹೊತ್ತು ಶಾಲೆಗೆ ಬಂದಾಗ ಎಡಭುಜ ಒದ್ದೆ! ನೋಡಿದರೆ ಹೊಲಿಗೆಯ ಒಳಗಡೆ ಅಂಟಿಸಿದ್ದ ಟೇಪು ಒಂದು ಕಡೆ ಬಿಟ್ಟಿತ್ತು. ಹೊಲಿಗೆ ಅಂದರೆ ಸೂಜಿಯ ತೂತುಗಳೇ ತಾನೆ? ಬ್ಯಾಗಿನ ಪಟ್ಟಿ ಅಲ್ಲೇ ಒತ್ತುತ್ತದೆ.

ಪರೀಕ್ಷೆ 3: ಬೆವರು

1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತಾಷ್ ಎರಡು ಬಟ್ಟೆಯ ನಡುವೆ ರಬ್ಬರ್ ಇಟ್ಟು ಮಳೆಯಂಗಿ ಮಾಡಿದರು. ಮಳೆ ಒಳಗೆ ಬರಲಿಲ್ಲ, ಬೆವರು ಹೊರಗೆ ಹೋಗಲಿಲ್ಲ. ನಮ್ಮ ಪ್ಲಾಸ್ಟಿಕ್ ಕೊಪ್ಪೆಯೂ ಹಾಗೆಯೇ. 1969ರಲ್ಲಿ ಅಮೆರಿಕದ ಬಾಬ್ ಗೋರ್, ನಾನ್‌ಸ್ಟಿಕ್ ತವಕ್ಕೆ ಬಳಿಯುವ ಜಾತಿಯ ಪ್ಲಾಸ್ಟಿಕ್ಕನ್ನು ಜೋರಾಗಿ ಎಳೆದಾಗ ಅದರಲ್ಲಿ ಬಹಳ ಸಣ್ಣ ರಂಧ್ರಗಳಾದವು. ನೀರಿನ ಹನಿ ಅದರಲ್ಲಿ ತೂರುವುದಿಲ್ಲ, ಬೆವರಿನ ಆವಿ ತೂರುತ್ತದೆ. ಆವಿ ಹೊರಗೆ ಬಿಡುವ ಜಾಕೆಟ್ಟುಗಳಲ್ಲಿ ಈಗ ಬೇರೆ ಬೇರೆ ಪದರ ಹಾಕುತ್ತಾರೆ, ಉದ್ದೇಶ ಇದೇ.

ಹಾಗಾದರೆ ಮೈ ಒಣಗಿರಬೇಕಲ್ಲ? ಶಾಲೆ ಮೈದಾನವನ್ನು ಮಳೆಯಲ್ಲಿ ಐದು ಸುತ್ತು ಓಡಿದೆ. ಒಳಗಿನ ಅಂಗಿ ಬೆವರಿನಿಂದ ತೊಪ್ಪೆ. ಮೇಷ್ಟ್ರು ಕಾರಣ ಹೇಳಿದರು: ಹೊರಗಿನ ಗಾಳಿ ಒಣಗಿದ್ದರೆ ಮಾತ್ರ ಆವಿ ಬೇಗ ಆ ಕಡೆ ಹೋಗುತ್ತದೆ. ಆರಿದ್ರ ಮಳೆಯಲ್ಲಿ ಹಗ್ಗದ ಮೇಲಿನ ಬಟ್ಟೆ ಯಾಕೆ ಒಣಗುವುದಿಲ್ಲವೋ, ಅದೇ ಕಾರಣಕ್ಕೆ ಜಾಕೆಟ್ಟಿನೊಳಗಿನ ಬೆವರೂ ಹೋಗುವುದಿಲ್ಲ. ನಿಧಾನ ನಡೆದಾಗ, ಕುತ್ತಿಗೆಯ ಹತ್ತಿರ ಜಿಪ್ ಸ್ವಲ್ಪ ತೆಗೆದಾಗ ಪರವಾಗಿಲ್ಲ ಅನ್ನಿಸಿತು.

ಪರೀಕ್ಷೆ 4: ಕಿವಿ

ಇದನ್ನು ನಾನು ಮಾಡಬೇಕು ಅಂತ ಮಾಡಿದ್ದಲ್ಲ. ಒಂದು ಬೆಳಿಗ್ಗೆ ನಾನೂ ತಂಗಿಯೂ ಕಾಫಿ ತೋಟದ ದಾರಿಯಲ್ಲಿ ಬರುತ್ತಿದ್ದೆವು. ನಾನು ಜಾಕೆಟ್ಟಿನ ಟೋಪಿ ಹಾಕಿ ದಾರ ಬಿಗಿದಿದ್ದೆ. ಅವಳು ಅಜ್ಜಿಯ ಕಂಬಳಿ ಕೊಪ್ಪೆ. ತಿರುವಿನಲ್ಲಿ ಹಿಂದಿನಿಂದ ನನ್ನ ಬ್ಯಾಗು ಜಗ್ಗಿ, "ಅಣ್ಣ, ನಿಲ್ಲೋ!" ಅಂದಳು. ಬಿದಿರು ಲಟಕ್ಕಂತ ಮುರಿದದ್ದು ಅವಳಿಗೆ ಕೇಳಿಸಿತ್ತು. ನನಗೆ ಕೇಳಿಸಿದ್ದು ಟೋಪಿಯ ಮೇಲೆ ಬೀಳುವ ಮಳೆಯ ಪಟಪಟ ಮಾತ್ರ. ಸ್ವಲ್ಪ ಹೊತ್ತಿಗೆ ಮುಂದೆಯೇ ಮೂರು ಆನೆ, ಒಂದು ಮರಿ ರಸ್ತೆ ದಾಟಿದವು. ಸದ್ದು ಮಾಡದೆ ಹಿಂದಕ್ಕೆ ಬಂದು ಕೂಲಿ ಲೈನಿನ ಮನೆಯಲ್ಲಿ ನಿಂತೆವು. ಅವಳು ಇಲ್ಲದಿದ್ದರೆ ನಾನು ಸೀದಾ ಹೋಗಿಬಿಡುತ್ತಿದ್ದೆ. ಕಂಬಳಿಯ ಮೇಲೆ ಮಳೆ ಬಿದ್ದರೆ ಅಷ್ಟು ಸದ್ದಾಗುವುದಿಲ್ಲ ಎಂದು ಅವತ್ತು ಗೊತ್ತಾಯಿತು.

ನನ್ನ ತೀರ್ಮಾನ

ಯಾವುದು ಒಳ್ಳೆಯದು ಎಂದು ಒಂದೇ ಮಾತಿನಲ್ಲಿ ಹೇಳುವ ಹಾಗಿಲ್ಲ. ಯಾವ ಮಳೆ, ಯಾವ ಕೆಲಸ, ಯಾವ ದಾರಿ ಎಂದು ಕೇಳಬೇಕು. ಬಗ್ಗಿ ನಾಟಿ ಮಾಡಲು ಗೊರಬು. ಒಂದೇ ಕಡೆ ನಿಲ್ಲುವವರಿಗೆ ಕಂಬಳಿ. ಬೆಟ್ಟ ಹತ್ತಲು, ದೂರ ನಡೆಯಲು ಜಾಕೆಟ್.

ಜಾಕೆಟ್ ಇರುವವರು ಗಮನಿಸಿ:
1. ಕೊಳ್ಳುವಾಗ ಒಳಗಿನ ಹೊಲಿಗೆಗೆ ಟೇಪು ಇದೆಯೇ ನೋಡಿ.
2. ಪುಸ್ತಕಗಳನ್ನು ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಇಡಿ.
3. ಕಂಬಳಿಯಂತೆ ಒಲೆಯ ಮೇಲೆ ಒಣಗಿಸಬೇಡಿ. ನನ್ನದರ ತೋಳಿನ ತುದಿ ಕರಗಿ ಸುರುಟಿಹೋಗಿದೆ, ಅವ್ವನಿಂದ ಬೈಸಿಕೊಂಡಿದ್ದೂ ಆಯಿತು.
4. ಆನೆ ಓಡಾಡುವ ದಾರಿಯಲ್ಲಿ ಟೋಪಿ ತೆಗೆದು ನಡೆಯಿರಿ. ತಲೆ ನೆನೆದರೆ ಒರೆಸಿಕೊಳ್ಳಬಹುದು.

ಈಗ ಆ ತಿರುವಿನಲ್ಲಿ ನಾನು ಟೋಪಿ ತೆಗೆಯುತ್ತೇನೆ, ತಂಗಿಯನ್ನು ಪಕ್ಕದಲ್ಲೇ ನಡೆಸುತ್ತೇನೆ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಗೊರಬು ಇದ್ದರೆ ಶಾಲೆಗೆ ತನ್ನಿ. ಅದನ್ನೂ ತೂಗಿ, ನೀರು ಹೊಯ್ದು ಪರೀಕ್ಷೆ ಮಾಡೋಣ.

– 7ನೇ ತರಗತಿ ವಿದ್ಯಾರ್ಥಿ