ಬಾಗುವ ನಿಯಮ

ಮುಪ್ಪು ಮನುಷ್ಯನ ಶರೀರವನ್ನು ಬಾಗಿಸುತ್ತದೆ. ಬಾಗಿದ ಆ ಶರೀರಕ್ಕಾಗಿ ತಾವೂ ಬಾಗುವವರು ಯಾರು? ಒಂದು ಸಮಾಜದ ಯೋಗ್ಯತೆಯನ್ನು ಅಳೆಯಲು ಈ ಪ್ರಶ್ನೆಯೊಂದೇ ಸಾಕು.

ಬೆಂಗಳೂರಿನ ಪೂರ್ವಭಾಗದಲ್ಲಿ ಹಲವು ಮತಗಳ ಪ್ರಾರ್ಥನಾಮಂದಿರಗಳು ನೆರೆಹೊರೆಯಲ್ಲಿಯೇ ಇವೆ. ಹಲಸೂರಿನಲ್ಲಿ ವಿಜಯನಗರದ ಕಾಲದಲ್ಲಿ ವಿಸ್ತಾರಗೊಂಡ ಸೋಮೇಶ್ವರ ದೇವಾಲಯವೂ, ಕೆರೆಯ ಸಮೀಪದಲ್ಲಿ ಸಿಖ್ಖರ ಗುರುದ್ವಾರವೂ ಇವೆ. ಶಿವಾಜಿನಗರದಲ್ಲಿ ಮಸೀದಿಗಳಿವೆ, 1973ರಲ್ಲಿ ಬೆಸಿಲಿಕಾ ಪದವಿಯನ್ನು ಪಡೆದ ಸಂತ ಮೇರಿಯ ಚರ್ಚಿದೆ.

ಇವುಗಳ ಆಚರಣೆಗಳು ಬೇರೆ ಬೇರೆ. ಆದರೆ ವೃದ್ಧರ ವಿಷಯದಲ್ಲಿ ಎಲ್ಲವೂ ಒಂದೇ ಕರುಣೆಯನ್ನು ತೋರುತ್ತವೆ. ಏಕಾದಶಿಯಂದು ನಿರಾಹಾರವಿರಲಾರದ ಹಿರಿಯರು ಹಾಲುಹಣ್ಣು ಸೇವಿಸಬಹುದು. ನಿಲ್ಲಲಾರದವರು ಕುಳಿತೇ ನಮಾಜು ಮಾಡಬಹುದು. ರಂಜಾನಿನ ಉಪವಾಸವನ್ನು ತಾಳಲಾರದ ಮುದುಕರು ಅದಕ್ಕೆ ಬದಲಾಗಿ ಬಡವರಿಗೆ ಉಣಬಡಿಸಬಹುದು. ಕ್ಯಾಥೊಲಿಕರಲ್ಲಿ 59 ವರ್ಷ ತುಂಬಿದವರಿಗೆ ಉಪವಾಸವು ಕಡ್ಡಾಯವಲ್ಲ. ಗುರುದ್ವಾರದ ಲಂಗರಿನಲ್ಲಿ ನಿಂತು ದುಡಿಯಲಾರದ ಅಜ್ಜಿಯೂ ಕುಳಿತಲ್ಲಿಯೇ ತರಕಾರಿ ಹೆಚ್ಚಿ ಸೇವೆ ಸಲ್ಲಿಸಬಹುದು.

“ಹಾಗಾದರೆ ಮನೆಯಲ್ಲಿಯೇ ದೇವರನ್ನು ನೆನೆಯಬಾರದೆ?” ಎಂದು ನೀವು ಕೇಳಬಹುದು. ನೆನೆಯಬಹುದು. ಆದರೆ ಮಕ್ಕಳ ಜೊತೆಗಿರಲು ಊರು ಬಿಟ್ಟು ನಗರಕ್ಕೆ ಬಂದ ಹಿರಿಯರಿಗೆ ಹಗಲೆಲ್ಲ ಮಾತನಾಡುವವರಿಲ್ಲ. ಪೂಜೆಯ ಬಳಿಕ ದೇವಾಲಯದ ಜಗಲಿಯಲ್ಲಿ ಕುಳಿತಾಗ ಅವರಿಗೆ ಸಮವಯಸ್ಕರು ಸಿಗುತ್ತಾರೆ. ಎರಡು ದಿನ ಕಾಣದಿದ್ದರೆ “ಅವರೇಕೆ ಬರಲಿಲ್ಲ?” ಎಂದು ವಿಚಾರಿಸುವವರು ಅಲ್ಲಿ ಉಂಟು. ದೇವರ ದರ್ಶನದಂತೆ ಈ ವಿಚಾರಣೆಯೂ ಅವರ ಬಾಳಿಗೆ ಆಧಾರ.

ಧರ್ಮ ಬಾಗಿತು, ನಗರವು ಬಾಗಿದೆಯೆ? 2011ರಲ್ಲಿ ಹಲಸೂರಿಗೆ ಮೆಟ್ರೋ ರೈಲು ಬಂದಿತು. 2023ರಿಂದ ಕೆ.ಆರ್. ಪುರದ ಹಿರಿಯರೂ ಅದರಲ್ಲಿ ನೇರವಾಗಿ ಹಲಸೂರಿಗೆ ಬರಬಹುದು. ನಿಲ್ದಾಣದಲ್ಲಿ ಲಿಫ್ಟ್ ಇದೆ. ಕಷ್ಟವು ಅಲ್ಲಿಂದ ಹೊರಬಂದ ಮೇಲೆ ಆರಂಭವಾಗುತ್ತದೆ. ವಾಹನಗಳ ಪ್ರವಾಹ ತುಂಬಿದ ರಸ್ತೆಯನ್ನು ದಾಟುವ ಧೈರ್ಯ ಸಾಲದೆ ಒಬ್ಬರು ಹಿಂದಿರುಗಿದರೆ, ಅವರು ಅಂದಿನ ಪೂಜೆಯನ್ನು ಮಾತ್ರವಲ್ಲ, ಅಂದಿನ ಸ್ನೇಹವನ್ನೂ ಕಳೆದುಕೊಳ್ಳುತ್ತಾರೆ.

ರಸ್ತೆಯನ್ನು ಸರಿಪಡಿಸುವುದು ನಗರಾಡಳಿತದ ಕರ್ತವ್ಯ. ಅದು ಆಗುವವರೆಗೆ, ಹಿರಿಯರೊಬ್ಬರು ರಸ್ತೆಯಂಚಿನಲ್ಲಿ ನಿಂತಿರುವುದನ್ನು ಕಂಡಾಗ ಅವರ ಮತವನ್ನು ಕೇಳಬೇಡಿ; “ಕೈ ಹಿಡಿಯಲೆ, ತಾತ?” ಎಂದು ಕೇಳಿರಿ. ಅವರ ಹೆಜ್ಜೆಗೆ ನಿಮ್ಮ ಹೆಜ್ಜೆಯನ್ನು ನಿಧಾನಗೊಳಿಸಿರಿ.